ನಿಮ್ಮದೇ ಅಳತೆಪಟ್ಟಿಗೆ ಹೊಂದದ ನಿಮ್ಮದೇ ಶೂ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: 24ನೇ ಸಂಖ್ಯೆಯ ಮಕ್ಕಳ ಶೂ ಬದಲಿಸಿಕೊಡಲು ನಿರಾಕರಿಸಿ ಅವಮಾನಿಸಿದ್ದು

ಮಾನ್ಯರೇ,

ದೂರವಾಣಿಯಲ್ಲಿ ನಯವಾಗಿ ಕೇಳುವುದೆಲ್ಲ ಮುಗಿಯಿತು. ಪ್ರತಿ ಸಲವೂ ‘ಮೇಲಿನವರಿಗೆ ತಿಳಿಸುತ್ತೇವೆ’ ಎಂಬ ಉತ್ತರ ಸಿಕ್ಕಿತು. ಆ ಮೇಲಿನವರು ನೀವೇ ಇರಬೇಕೆಂದು ಭಾವಿಸಿ ಬರೆಯುತ್ತಿದ್ದೇನೆ.

ಶೂ ಡಬ್ಬಿಯೊಳಗೆ ನೀವೇ ಅಚ್ಚು ಹಾಕಿಸಿ ಇಟ್ಟಿರುವ ಅಳತೆಪಟ್ಟಿಯನ್ನು ನೀವು ಓದಿಯೇ ಇರುತ್ತೀರಿ. ಮಗುವನ್ನು ನಿಲ್ಲಿಸಿ ಎರಡೂ ಪಾದ ಅಳೆಯಬೇಕು, ದೊಡ್ಡ ಪಾದವನ್ನೇ ಲೆಕ್ಕಕ್ಕೆ ಹಿಡಿಯಬೇಕು, ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು. ಒಪ್ಪತಕ್ಕ ಮಾತು. ನಿಮ್ಮ ಸಿಬ್ಬಂದಿ ಮಾತ್ರ ಮಗುವನ್ನು ನನ್ನ ತೊಡೆಯ ಮೇಲೆಯೇ ಕೂರಿಸಿ, ಎಡಗಾಲೊಂದನ್ನು ಅಳೆದು ಕೈತೊಳೆದುಕೊಂಡರು. ನನ್ನ ಎರಡೂವರೆ ವರ್ಷದ ಮಗಳ ಬಲಪಾದ 14.6 ಸೆಂ.ಮೀ. ಇದೆ. ಪಟ್ಟಿಯ ಪ್ರಕಾರ ಅದಕ್ಕೂ 24ನೇ ಸಂಖ್ಯೆಯೇ ಸರಿ. ಆದರೆ ಆ ಶೂವಿನ ಒಳಹಾಸನ್ನು ಹೊರಗೆಳೆದು ಅಳೆದರೆ 14.9! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಿಮ್ಮ ಸಂಸ್ಥೆ ಇಷ್ಟು ನಿಷ್ಠೆಯಿಂದ ಪಾಲಿಸುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಹೆಬ್ಬೆರಳಿನ ಮೇಲೆ ಗುಳ್ಳೆ ಎದ್ದ ಮೇಲೆ ಶೂ ವಾಪಸು ತಂದೆ. ಕೌಂಟರಿನಲ್ಲಿದ್ದವರು ಮಗುವಿಗೆ ಅದನ್ನೇ ತೊಡಿಸಿ, ಮುಂತುದಿಯನ್ನು ಹೆಬ್ಬೆಟ್ಟಿನಿಂದ ಒತ್ತಿ, ‘ಜಾಗ ಇದೆಯಲ್ಲ ಮೇಡಂ’ ಎಂದರು. ಒತ್ತಿದರೆ ಮಗು ಬೆರಳು ಮುದುರಿಕೊಳ್ಳುತ್ತದೆ, ಜಾಗ ತಾನಾಗಿಯೇ ಹುಟ್ಟುತ್ತದೆ. ನಾನು ಒಳಹಾಸನ್ನು ನೆಲಕ್ಕಿಟ್ಟು ಮಗಳನ್ನು ಅದರ ಮೇಲೆ ನಿಲ್ಲಿಸಿದೆ. ಹೆಬ್ಬೆರಳು ಅಂಚಿಗೇ ಬಂದಿತ್ತು. ಅವರು ಅದನ್ನು ನೋಡಲಿಲ್ಲ, ಮಗುವಿನ ಮುಖ ನೋಡಿದರು. ‘ನೋವಿದ್ದರೆ ಅಳುತ್ತಿತ್ತು. ಅಳುತ್ತಿಲ್ಲವಲ್ಲ?’ ಗುಳ್ಳೆ ತೋರಿಸಿದೆ. ‘ಕಾಲುಚೀಲದ್ದಿರಬೇಕು.’ ಕಾಲುಚೀಲವೂ ನಿಮ್ಮದೇ ಎಂದೆ. ಆಗ ಮೇಲ್ವಿಚಾರಕರನ್ನು ಕರೆದರು.

ಅವರು ಬಂದವರೇ ಅಟ್ಟೆ ತಿರುಗಿಸಿ, ‘ಬಳಸಿದ ಶೂ ಬದಲಿಸುವುದಿಲ್ಲ’ ಎಂದರು. ನಡೆಯದೆಯೇ ಶೂ ಕಚ್ಚುವುದನ್ನು ಕಂಡುಕೊಳ್ಳುವ ವಿದ್ಯೆ ನಮಗೆ ತಿಳಿಯದು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಪತ್ರ ಇಷ್ಟುದ್ದ ಬೆಳೆಯುತ್ತಿರಲಿಲ್ಲ. ಮಗಳ ಬರಿಗಾಲನ್ನು ಎತ್ತಿ, ಸಾಲಿನಲ್ಲಿ ನಿಂತವರಿಗೆಲ್ಲ ಕಾಣುವಂತೆ ಹಿಡಿದು, ‘ನೋಡಿ, ಚಪ್ಪಟೆ ಪಾದ. ದೋಷ ಶೂವಿನಲ್ಲಿಲ್ಲ’ ಎಂದು ತೀರ್ಪು ಕೊಟ್ಟರು. ಹಿಂದಿನಿಂದ ಯಾರೋ ‘ಅಯ್ಯೋ ಪಾಪ’ ಎಂದರು. ತಕ್ಷಣ ಪಾದದ ಕಮಾನಿಗೆ ಆಧಾರ ಕೊಡುವ ದುಬಾರಿ ಒಳಹಾಸೊಂದು ಕೌಂಟರಿನ ಮೇಲೆ ಬಂತು. ಮೊದಲೇ ಬಿಗಿಯಾದ ಶೂವಿನೊಳಗೆ ಇನ್ನೊಂದು ಒಳಹಾಸು! ಕಾಲನ್ನು ಎಲ್ಲಿಡಬೇಕೆಂದು ಹೇಳಲಿಲ್ಲ.

ಮಕ್ಕಳ ಶೂ ತಯಾರಿಸುವವರಿಗೆ ಇದನ್ನು ನಾನು ಹೇಳಿಕೊಡಬೇಕೇ? ಈ ವಯಸ್ಸಿನಲ್ಲಿ ಅಂಗಾಲಿನಡಿ ಕೊಬ್ಬಿನ ಮೆತ್ತೆ ಇರುವುದರಿಂದ ಪಾದ ಚಪ್ಪಟೆಯಾಗಿಯೇ ಕಾಣುತ್ತದೆ. ಕಮಾನು ಸ್ಪಷ್ಟವಾಗಿ ಮೂಡಲು ಸಾಮಾನ್ಯವಾಗಿ ಐದಾರು ವರ್ಷವಾದರೂ ಬೇಕು, ಕೆಲವರಲ್ಲಿ ಇನ್ನೂ ತಡ. ಪಾದದಲ್ಲಿ ಇನ್ನೂ ಸಾಕಷ್ಟು ಭಾಗ ಮೃದ್ವಸ್ಥಿ. ಒತ್ತಿದತ್ತ ಬಾಗುತ್ತದೆ. ಅದಕ್ಕೇ ಮಕ್ಕಳು ಬಿಗಿ ಶೂ ಹಾಕಿಕೊಂಡೂ ಅಳದೆ ಓಡಾಡುತ್ತವೆ. ಆ ಮೌನವನ್ನೇ ನಿಮ್ಮವರು ಗುಣಮಟ್ಟದ ಪ್ರಮಾಣಪತ್ರ ಮಾಡಿಕೊಂಡಿದ್ದಾರೆ.

ಹಣ ವಾಪಸು ಕೇಳಬೇಕೆಂದೇ ಬರೆಯಲು ಕುಳಿತಿದ್ದೆ. ಈಗ ಅದು ಬೇಡ. ಶೂ, ಒಳಹಾಸು, ಅಳತೆಪಟ್ಟಿ, ರಸೀದಿ ಎಲ್ಲವೂ ನನ್ನ ಬಳಿ ಭದ್ರವಾಗಿವೆ. ಬದಲಿಸಿಕೊಡುತ್ತೇವೆ ಬನ್ನಿ ಎಂದು ಈಗ ಕರೆದರೂ ಕೊಡುವುದಿಲ್ಲ. ಅವೆಲ್ಲ ಗ್ರಾಹಕ ನ್ಯಾಯಾಲಯಕ್ಕೆ ಬರುತ್ತವೆ. ನಿಮ್ಮ ಮೇಲ್ವಿಚಾರಕರನ್ನೂ ಕಳುಹಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಅಳೆಯುವುದು ಅವರಿಗೆ ಚೆನ್ನಾಗಿ ಬರುತ್ತದೆ. ಸ್ಕೇಲು ನಾನೇ ತರುತ್ತೇನೆ.

ಇತಿ,
ನಿಮ್ಮ ಮಾಜಿ ಗ್ರಾಹಕಿ