ಅಲರ್ಟ್ ಬಂದ್ರೆ ಸಾಲ್ದು, ನೋಡೋರು ಬೇಕು

ಸಂಪಾದಕರಿಗೆ ನಮಸ್ಕಾರ,

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ, ಅಂದ್ರೆ ಇಲ್ಲದ್ದು ಕೇಳ್ಸೋ, ಸುಮ್ಸುಮ್ನೆ ಅನುಮಾನ ಬರೋ ಮಾನಸಿಕ ಕಾಯಿಲೆ, ಒಂಬತ್ತು ವರ್ಷ ಆಯ್ತು. ಎರಡನೇ ಸಲ ಕಾಯಿಲೆ ಮರುಕಳಿಸಿದಾಗ ಹದಿನೈದು ದಿನ ಮುಂಚಿಂದನೇ ಎಲ್ಲಾ ಕಾಣಿಸ್ತಿತ್ತು, ರಾತ್ರಿ ನಿದ್ದೆ ಇಲ್ಲ, ಟೆರೇಸ್ ಮೇಲೆ ಓಡಾಟ, ಊಟ ಅರ್ಧಕ್ಕೇ ಬಿಟ್ಟು ಏಳೋದು, ಪಕ್ಕದ ಮನೆಯವ್ರು ನನ್ ಬಗ್ಗೆನೇ ಮಾತಾಡ್ತಾರೆ ಅನ್ನೋದು, ನಾವು ಕೆಲಸದ ಟೆನ್ಶನ್ ಇರ್ಬೇಕು ಅಂದ್ಕೊಂಡ್ವಿ. ಮಂಪರು ಬರುತ್ತೆ ಅಂತ ಮಾತ್ರೆ ಬಿಟ್ಟಿದ್ದ, ಅದೂ ಗೊತ್ತಾಗ್ಲಿಲ್ಲ. ಕೊನೆಗೆ ಮಧ್ಯರಾತ್ರಿ ಆಟೋದಲ್ಲಿ ಅಮ್ಮ ನಾನು ಇಬ್ರೂ ಹಿಡ್ಕೊಂಡು ಎಮರ್ಜೆನ್ಸಿಗೆ ಓಡಿದ್ವಿ.

ಆಮೇಲೆ ಕಾಯಿಲೆ ಮರುಕಳಿಸೋದನ್ನ ಮೊದ್ಲೇ ಹೇಗೆ ಗುರುತಿಸೋದು ಅಂತ ಓದೋಕೆ ಶುರು ಮಾಡ್ದೆ. ಜೆಕ್ ದೇಶದಲ್ಲಿ ಅದಕ್ಕೇ ಐಟಾರೆಪ್ಸ್ ಅಂತ ಒಂದು ವ್ಯವಸ್ಥೆ ಇದೆ, ವಾರಕ್ಕೊಂದ್ಸಲ ಎಸ್ಸೆಮ್ಮೆಸ್, 10 ಪ್ರಶ್ನೆ, ಕಾಯಿಲೆ ಇರೋರೂ ಉತ್ತರ ಕೊಡ್ತಾರೆ, ಮನೆಯವ್ರೊಬ್ರೂ ಕೊಡ್ತಾರೆ, ಏರುಪೇರಾದ್ರೆ ಡಾಕ್ಟರ್‌ಗೆ ಅಲರ್ಟ್ ಹೋಗುತ್ತೆ. ಸ್ಮಾರ್ಟ್‌ಫೋನೂ ಬೇಡ! ಆದ್ರೆ ಅದರದ್ದೇ ಒಂದು ಟ್ರಯಲ್‌ನಲ್ಲಿ ಅಲರ್ಟ್ ಬಂದ್ರೂ ಬಹಳಷ್ಟು ಸಲ ಡಾಕ್ಟರ್‌ಗಳು ಔಷಧಿ ಹೆಚ್ಚಿಸ್ಲಿಲ್ಲ, ಆಸ್ಪತ್ರೆ ಸೇರೋದೂ ಕಮ್ಮಿ ಆಗ್ಲಿಲ್ಲ. ನಮ್ಮ ನಿಮ್ಹಾನ್ಸ್‌ನವ್ರೂ ಬಾಸ್ಟನ್, ಭೋಪಾಲದವ್ರ ಜೊತೆ ಸೇರಿ ಮೈಂಡ್‌ಲ್ಯಾಂಪ್ ಅನ್ನೋ ಆಪ್ ಇಟ್ಕೊಂಡು ಇದೇ ವಿಷಯದ ಮೇಲೆ ಅಧ್ಯಯನ ಮಾಡಿದ್ದಾರೆ, ಅದು ಫೋನ್ ಸೆನ್ಸರ್‌ನಿಂದ ಓಡಾಟ ಎಲ್ಲಾ ಗಮನಿಸುತ್ತೆ.

ಇದನ್ನ ತಮ್ಮಂಗೆ ಹೇಳ್ದೆ. "ಅಕ್ಕ, ಹುಷಾರಿಲ್ದೇ ಇದ್ದಾಗ ಫೋನ್ ನನ್ನನ್ನ ನೋಡ್ತಿದೆ ಅಂತ್ಲೇ ನಂಗೆ ಭಯ, ನೀನು ನಿಜವಾಗ್ಲೂ ನೋಡೋ ಆಪ್ ಹಾಕ್ತೀಯಾ?" ಅಂದ. ನಂಗೆ ಮಾತೇ ಬರ್ಲಿಲ್ಲ. ಅವ್ನು ಹೇಳಿದ್ದು ಸರಿ, ಇಂಥದ್ದೇನೇ ಮಾಡಿದ್ರೂ ಅವ್ರು ಚೆನ್ನಾಗಿರೋವಾಗ ಪಕ್ಕದಲ್ಲಿ ಕೂರಿಸ್ಕೊಂಡು, ಏನು ನೋಡ್ಬಹುದು ಯಾರಿಗೆ ಹೇಳ್ಬಹುದು ಅಂತ ಅವ್ರನ್ನೇ ಕೇಳಿ ಮಾಡ್ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ, ಮುಂದೆ ಹುಷಾರು ತಪ್ಪಿದ್ರೆ ನಂಗೆ ಹೇಗೆ ಚಿಕಿತ್ಸೆ ಕೊಡ್ಬೇಕು ಅಂತ ಮೊದ್ಲೇ ಬರೆದಿಡೋ ಹಕ್ಕಿದೆ, ಫೋನ್ ವಿಷಯನೂ ಅಲ್ಲೇ ಸೇರಿಸ್ಕೋಬಹುದಲ್ಲ.

ಸದ್ಯಕ್ಕೆ ನಾವು ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿದೀವಿ, ನಿದ್ದೆ, ಊಟ, ಮಾತ್ರೆ, ಅನುಮಾನ, ಸಿಟ್ಟು. ಪ್ರತಿ ಭಾನುವಾರ ಅವ್ನೂ ಟಿಕ್ ಹಾಕ್ತಾನೆ, ನಾನೂ ಹಾಕ್ತೀನಿ. ಟಿಕ್ ಅಂದ್ರೆ ಅದ್ರಲ್ಲಿ ಏನೋ ಏರುಪೇರಾಗಿದೆ ಅಂತ. ಹೋದ ತಿಂಗಳು ಇಬ್ರೂ ನಿದ್ದೆಗೆ ಟಿಕ್ ಹಾಕಿದ್ವಿ, ಆಸ್ಪತ್ರೆಗೆ ಫೋನ್ ಮಾಡಿದ್ರೆ ಕೊಟ್ಟಿರೋ ಡೇಟ್‌ಗೇ ಬನ್ನಿ ಅಂದ್ರು.

2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡ್ಬಹುದು, ಆದ್ರೆ ಅದು ನಾವೇ ಫೋನ್ ಮಾಡ್ಬೇಕಾದ ನಂಬರ್. ಒಪ್ಪಿದವ್ರಿಗೆ ವಾರಕ್ಕೊಂದ್ಸಲ ಅಲ್ಲಿಂದ್ಲೇ ಕನ್ನಡದಲ್ಲಿ ಒಂದು ಮೆಸೇಜ್ ಬರ್ಲಿ, ಉತ್ತರ ಓದೋರಿಗೆ ಹತ್ತಿರದ ಆಸ್ಪತ್ರೆಯಲ್ಲಿ ಎರಡು ದಿನದೊಳಗೆ ಒಂದು ಟೋಕನ್ ಕೊಡಿಸೋ ಅಧಿಕಾರ ಇರ್ಲಿ. ಆರೋಗ್ಯ ಇಲಾಖೆಯವ್ರನ್ನ ನಾನು ಕೇಳ್ತಿರೋದು ಇಷ್ಟೇ.

– ಒಬ್ಬ ಅಕ್ಕ, ಹನುಮಂತನಗರ, ಬೆಂಗಳೂರು