ಬಿದ್ದರೆ ಕುದುರೆಯದ್ದೇ ತಪ್ಪಾ?

ಮಾನ್ಯ ಸಂಪಾದಕರೇ,

ಸವಾರಿಯಲ್ಲಿ ಯಾರಾದರೂ ಬಿದ್ದರೆ ‘ಕುದುರೆ ಸರಿ ಇಲ್ಲ’ ಎಂದು ಬೈದು ಸುಮ್ಮನಾಗುವುದು ನಮ್ಮಲ್ಲಿ ಜಾಸ್ತಿಯಾಗಿದೆ. ಕಳೆದ ತಿಂಗಳು ಚಿಕ್ಕಮಗಳೂರು ಹತ್ತಿರದ ಒಂದು ರೆಸಾರ್ಟ್‌ನಲ್ಲಿ ನನ್ನ ಅಕ್ಕನ ಮಗ ಬಿದ್ದ. ನಾನು ಅಲ್ಲೇ ನಿಂತಿದ್ದೆ. ಹಿಂದಿನಿಂದ ಬಂದ ಬೈಕ್‌ನವನು ಹಾರ್ನ್ ಹೊಡೆದ, ಕುದುರೆ ಪಕ್ಕಕ್ಕೆ ಹಾರಿತು, ಜೀನು ಹುಡುಗನ ಸಮೇತ ಹೊಟ್ಟೆಯ ಕಡೆಗೆ ಜಾರಿತು. ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿ ಸಡಿಲ ಇತ್ತು. ಇದರಲ್ಲಿ ಕುದುರೆಯ ತಪ್ಪೇನು?

ಹೆದರಿದರೆ ಓಡುವುದು ಕುದುರೆಯ ಗುಣ. ಕಣ್ಣು ತಲೆಯ ಅಕ್ಕಪಕ್ಕ ಇರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮತ್ತು ಮೂಗಿನ ಮುಂದೆ ತೀರಾ ಹತ್ತಿರ ಮಾತ್ರ ಕಾಣುವುದಿಲ್ಲ. ಜೀನು ಕಟ್ಟುವಾಗ ಎಷ್ಟೋ ಕುದುರೆಗಳು ಹೊಟ್ಟೆ ಉಬ್ಬಿಸುತ್ತವೆ, ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿ ಮಾಡದಿದ್ದರೆ ಪಟ್ಟಿ ಸಡಿಲ ಆಗಿಯೇ ಆಗುತ್ತದೆ. ಇನ್ನು ಮೇಲೆ ಕೂತವರು ಗಾಬರಿಯಲ್ಲಿ ಲಗಾಮು ಎಳೆಯುತ್ತಾರೆ, ಹಿಮ್ಮಡಿಯಿಂದ ಹೊಟ್ಟೆಯನ್ನೂ ಒತ್ತುತ್ತಾರೆ. ನಿಲ್ಲು, ಓಡು ಎರಡನ್ನೂ ಒಟ್ಟಿಗೇ ಹೇಳಿದ ಹಾಗಾಯಿತು ಅಲ್ವಾ? ಹಾಗಂತ ಮೊದಲ ಸಲ ಹತ್ತಿದವರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಬಹುಪಾಲು ತಪ್ಪು ಸವಾರಿ ನಡೆಸುವವರದ್ದು.

ಮುಳ್ಳಯ್ಯನಗಿರಿ ನೋಡಲು ಬರುವ ಎಷ್ಟೋ ಜನ ಮಕ್ಕಳನ್ನು ಸುಮ್ನೆ ಕುದುರೆ ಹತ್ತಿಸುತ್ತಾರೆ. ಪ್ರವಾಸೋದ್ಯಮ ಇಲಾಖೆ ಇಂಥ ಕಡೆ ಹೆಲ್ಮೆಟ್ ಕಡ್ಡಾಯ ಮಾಡಲಿ. ಹತ್ತುವ ಮೊದಲು ಐದು ನಿಮಿಷ ಪಾಠ ಇರಲಿ. ಪಶುವೈದ್ಯರು ಆಗಾಗ ಬಂದು ಕುದುರೆಗಳ ಬೆನ್ನು, ಗೊರಸು ನೋಡುವ ವ್ಯವಸ್ಥೆಯೂ ಆಗಲಿ.

– ಒಬ್ಬ ಓದುಗ, ಚಿಕ್ಕಮಗಳೂರು