ಮಾಡಿನ ದುಡ್ಡಲ್ಲಿ ಕಮಾನು: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಕಾರವಾರ-ಅಂಕೋಲಾ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ನಿಮ್ಮ ಕ್ಷೇತ್ರದ ಮತದಾರ, ಕಾರವಾರದ ಹತ್ತಿರದ ಒಂದು ಇಗರ್ಜಿಯ, ಅಂದರೆ ಕಥೋಲಿಕ ಚರ್ಚಿನ ಸದಸ್ಯ. ಇಗರ್ಜಿಯ ಹೆಸರು ಬರೆಯುವುದಿಲ್ಲ. ಬರೆದರೆ ಮಾತೆಲ್ಲ ಒಬ್ಬ ಪಾದ್ರಿಯ ಮೇಲೆ ಹೋಗುತ್ತದೆ. ಅದು ನನಗೆ ಬೇಡ.

ನಮ್ಮ ಇಗರ್ಜಿಯ ಮಾಡು (ಛಾವಣಿ) ಸೋರುತ್ತದೆ. ಇಲ್ಲಿಯ ಮಳೆ ನಿಮಗೆ ಗೊತ್ತೇ ಇದೆ. ಜುಲೈಯಲ್ಲಿ ಪೂಜೆ ನಡೆಯುವಾಗ ಬೆಂಚುಗಳ ನಡುವೆ ಬಾಲ್ದಿ ಇಡಬೇಕು. ಪಕಾಸಿ, ಹಂಚು ಬದಲಿಸಲು ಅಂತ ಕೆಲವು ವರ್ಷದ ಹಿಂದೆ ಮನೆಮನೆಗೆ ಲಕೋಟೆ ಕೊಟ್ಟರು. ನನ್ನ ಅಮ್ಮ ಮೀನು ಮಾರುವವಳು. ತಿಂಗಳಿಗೆ ನೂರು ರೂಪಾಯಿ ಹಾಕುತ್ತಿದ್ದಳು. ದೋಣಿಗಳು ದಡದಲ್ಲಿರುವ ಜೂನ್, ಜುಲೈಯಲ್ಲೂ ತಪ್ಪಿಸಲಿಲ್ಲ, ಒಣಮೀನು ಮಾರಿ ಕೊಟ್ಟಳು. ದುಬೈ, ಕುವೈತ್‌ನಲ್ಲಿರುವ ಹುಡುಗರೂ ಕಳಿಸಿದರು. ಎರಡು ವರ್ಷ ಆಯಿತು. ಎದ್ದು ನಿಂತದ್ದು ಗೇಟಿನ ಕಮಾನು! ಗ್ರಾನೈಟ್, ಲೈಟು ಎಲ್ಲ ಇದೆ. ಚಂದವೇ ಇದೆ, ಸುಳ್ಳು ಯಾಕೆ ಹೇಳಲಿ. ಒಳಗೆ ಬಾಲ್ದಿ ಇದ್ದಲ್ಲೇ ಇದೆ.

ಯಾರೂ ಕದ್ದಿಲ್ಲ. ಹಬ್ಬಕ್ಕೆ ದೊಡ್ಡವರು ಬರುವವರಿದ್ದರು, ನಾಲ್ಕು ಜನ ಕೂತು ಮೊದಲು ಕಮಾನು ಆಗಲಿ ಅಂದರು. ಅಷ್ಟೇ. ‘ನಾನು ಕೊಟ್ಟದ್ದು ಮಾಡಿಗೆ ಅಲ್ವಾ?’ ಅಂತ ಅಮ್ಮ ಕೇಳಿದಳು. ‘ಬಾಯೇ, ದೇವರಿಗೆ ಕೊಟ್ಟ ಮೇಲೆ ಲೆಕ್ಕ ಕೇಳಬಾರದು’ ಅಂದರು ನಮ್ಮ ವಾಡೆಯ (ಇಗರ್ಜಿಯ ವಾರ್ಡಿನ) ಗುರಿಕಾರರು, ಅಂದರೆ ಮುಖಂಡರು. ಅಮ್ಮ ಸುಮ್ಮನಾದಳು. ನನಗೆ ಆಗಲಿಲ್ಲ.

ಯಾಕೆಂದರೆ ನಮ್ಮ ಧರ್ಮಸಭೆಯ ಕಾನೂನೇ ಬೇರೆ ಹೇಳುತ್ತದೆ. ಕಥೋಲಿಕರ 1983ರ ಕ್ಯಾನನ್ ಕಾನೂನಿನ 1267ನೇ ವಿಧಿ ನೋಡಿ: ಜನ ಯಾವ ಕೆಲಸಕ್ಕೆ ಅಂತ ಕೊಟ್ಟರೋ ಆ ಕೆಲಸಕ್ಕೇ ಬಳಸಬೇಕು. 1287ನೇ ವಿಧಿಯ ಪ್ರಕಾರ ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು. ಪ್ರತಿ ಇಗರ್ಜಿಗೂ ಹಣಕಾಸು ಸಮಿತಿ ಇರಬೇಕು ಅಂತ 537ನೇ ವಿಧಿ. ಅಮ್ಮ ಕೇಳಿದ್ದು ಇಷ್ಟನ್ನೇ.

ಇದೆಲ್ಲ ನಿಮಗೆ ಯಾಕೆ ಅನ್ನಬಹುದು. ಅದೇ ಮಾಡಿಗೆ ಈಗ ಸರಕಾರದ ಅನುದಾನ ಬೇಕಂತೆ. ನಿಮ್ಮ ಶಿಫಾರಸು ಪತ್ರ ಕೇಳಲು ನಮ್ಮವರು ಸದ್ಯದಲ್ಲೇ ಬರುವವರಿದ್ದಾರೆ.

ಪತ್ರ ಕೊಡಿ. ಆದರೆ ಒಂದು ಷರತ್ತು ಹಾಕಿ: ಹಿಂದಿನ ಮೂರು ವರ್ಷದ ಜಮಾ-ಖರ್ಚು, ಲೆಕ್ಕಪರಿಶೋಧಕರ ಸಹಿಯೊಂದಿಗೆ, ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿ ಒಂದು ತಿಂಗಳು ಇರಬೇಕು. ಕನ್ನಡದಲ್ಲಿ, ಕೊಂಕಣಿಯಲ್ಲಿ. ಯಾರು ಎಷ್ಟು ಕೊಟ್ಟರು, ಯಾವ ಬಡವರಿಗೆ ಎಷ್ಟು ಹೋಯಿತು ಅಂತ ಹೆಸರು ಬೇಡ. ಮೊತ್ತ ಸಾಕು. ಕ್ಷೇತ್ರದ ಎಲ್ಲ ಚರ್ಚುಗಳಿಗೂ, ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ತೆಗೆದುಕೊಳ್ಳುವ ಪ್ರೊಟೆಸ್ಟೆಂಟ್ ಸಭೆಗಳಿಗೂ ಇದೇ ಷರತ್ತು ಇರಲಿ.

ಇದು ಹೊಸ ಮಾತೂ ಅಲ್ಲ. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಅಲ್ಲಿಯ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಲ್ಲಿ ದೇವಸ್ಥಾನ, ವಕ್ಫ್, ಚರ್ಚು ಎಲ್ಲವೂ ಸೇರಿದ್ದವು. ಲೆಕ್ಕ ಇಡಲೇಬೇಕಿತ್ತು. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆ ಅದನ್ನು ಇಲ್ಲಿ ರದ್ದು ಮಾಡಿತು. ಆ ಹೊಸ ಕಾಯ್ದೆ ಇರುವುದು ಹಿಂದೂ ಸಂಸ್ಥೆಗಳಿಗೆ. ಚರ್ಚಿಗೆ ಅಂತ ಬೇರೆ ಏನೂ ಬರಲಿಲ್ಲ. ಹಾಗಂತ ಇಗರ್ಜಿಯನ್ನು ಮುಜರಾಯಿ ತರಹ ಸರಕಾರದ ಕೈಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಅದು ಬೇಡವೇ ಬೇಡ. (ಈ ಪತ್ರ ಹಿಡಿದುಕೊಂಡು ಕ್ರೈಸ್ತರನ್ನು ಹಂಗಿಸಲು ಬರುವವರಿಗೂ ಇದೇ ಉತ್ತರ. ನಮ್ಮ ಲೆಕ್ಕ ನಾವು ಕೇಳಿಕೊಳ್ಳುತ್ತೇವೆ.)

ಉಳಿದದ್ದು ನಮ್ಮ ಮನೆಯ ಕೆಲಸ. ಭಾನುವಾರದ ಕಾಣಿಕೆಯನ್ನು ಪೂಜೆ ಮುಗಿದ ಕೂಡಲೇ ಮೂವರ ಎದುರು ಎಣಿಸಿ, ಸಹಿ ಹಾಕಿ, ಸೋಮವಾರ ಬ್ಯಾಂಕಿಗೆ ಕಟ್ಟಬೇಕು. ಕ್ಯೂಆರ್ ಕೋಡ್ ಇಗರ್ಜಿಯ ಖಾತೆಯದ್ದಿರಬೇಕು, ಯಾರದೋ ಫೋನಿನದ್ದಲ್ಲ. ಮಾಡಿನ ದುಡ್ಡಿಗೆ ಬೇರೆ ಖಾತೆ. ಅದನ್ನು ಬೇರೆ ಕಡೆ ಬಳಸಬೇಕಾದರೆ ಕೊಟ್ಟವರನ್ನು ಕೇಳಬೇಕು. ಕೇಳಿದ್ದರೆ ಅಮ್ಮ ಕಮಾನಿಗೂ ಹೂಂ ಅನ್ನುತ್ತಿದ್ದಳೋ ಏನೋ. ಇನ್ನು ಹಬ್ಬದ ಬ್ಯಾಂಡು, ಗರ್ನಾಲಿನ (ಸಿಡಿಮದ್ದಿನ) ಖರ್ಚು. ಗಂಟೆ ಹೊಡೆಯುವ ಮುದುಕನ ವರ್ಷದ ಸಂಬಳಕ್ಕಿಂತ ಅದೇ ಜಾಸ್ತಿ. ಬೋರ್ಡಿನಲ್ಲಿ ಎರಡೂ ಅಂಕಿ ಒಂದರ ಕೆಳಗೊಂದು ಬಂದರೆ ಹಬ್ಬದ ಸಮಿತಿಯವರಿಗೇ ಕಣ್ಣಿಗೆ ಹೊಡೆಯುತ್ತದೆ. ಮೀನುಗಾರಿಕೆ ನಿಲ್ಲುವ ಎರಡು ತಿಂಗಳು ಎಷ್ಟೋ ಮನೆಗಳಲ್ಲಿ ಕೈ ಖಾಲಿ. ಆಗ ಬಡವರ ನಿಧಿಯಲ್ಲಿ ಏನಿತ್ತು ಅನ್ನುವುದೂ ಅದೇ ಬೋರ್ಡಿನಲ್ಲಿ ಕಾಣಬೇಕು.

ನಿಮ್ಮ ಉತ್ತರ ಏಪ್ರಿಲ್ ಒಳಗೆ ಬಂದರೆ ಒಳ್ಳೆಯದು. ಲೆಕ್ಕ ಬೋರ್ಡಿನಲ್ಲಿ ಒಂದು ತಿಂಗಳು ಇರಬೇಕು, ಜೂನ್ ಬಂದ ಮೇಲೆ ಹಂಚಿನ ಮೇಲೆ ಯಾರೂ ಹತ್ತುವುದಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ